ಅನುಮಾನದ ಲಿಂಕ್ ಒತ್ತಿದ ಮೇಲೆ: ಲಕ್ಷಣ ನೋಡಿ ತೊಂದರೆ ಪತ್ತೆ ಹಚ್ಚುವ ಕ್ರಮ

‘ನಿಮ್ಮ ವಿದ್ಯುತ್ ಸಂಪರ್ಕವನ್ನು ಇಂದು ರಾತ್ರಿ 9.30ಕ್ಕೆ ಕಡಿತಗೊಳಿಸಲಾಗುವುದು’ ಎಂಬ ಸಂದೇಶ ಬೆಂಗಳೂರಿನಲ್ಲಿ ಮೊಬೈಲ್ ಬಳಸುವ ಬಹಳಷ್ಟು ಮಂದಿಗೆ ಒಂದಲ್ಲ ಒಂದು ದಿನ ಬಂದಿರುತ್ತದೆ. ಟ್ರಾಫಿಕ್ ದಂಡದ ಚಲನ್, ತಲುಪದೆ ಉಳಿದ ಪಾರ್ಸೆಲ್, ಅವಧಿ ಮುಗಿಯುತ್ತಿರುವ ಕೆವೈಸಿ, ಪರಿಚಿತರ ನಂಬರಿನಿಂದಲೇ ಬರುವ ಮದುವೆಯ ಕರೆಯೋಲೆ, ಇವೆಲ್ಲ ಅದೇ ಜಾತಿಗೆ ಸೇರಿದವು. ಇಂಥದ್ದನ್ನು ಒತ್ತಿದವರಲ್ಲಿ ಕೆಲವರು ಏನೂ ಆದಂತೆ ಕಾಣುತ್ತಿಲ್ಲವೆಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಫೋನನ್ನೇ ರೀಸೆಟ್ ಮಾಡಿ, ಪೊಲೀಸರಿಗೆ ಬೇಕಾಗುವ ಸಾಕ್ಷ್ಯವನ್ನೂ ಅಳಿಸಿಹಾಕುತ್ತಾರೆ.

ಸಂದೇಶ ನೋಡುವುದು, ಲಿಂಕ್ ತೆರೆಯುವುದು, ತೆರೆದ ಪುಟದಲ್ಲಿ ಮಾಹಿತಿ ತುಂಬುವುದು, ಫೈಲನ್ನು ಇನ್‌ಸ್ಟಾಲ್ ಮಾಡುವುದು, ಈ ನಾಲ್ಕರ ಪರಿಣಾಮಗಳು ಬೇರೆ ಬೇರೆ, ಪರಿಹಾರಗಳೂ ಬೇರೆ ಬೇರೆ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ವಿಷಯ ಎಲ್ಲಿಯವರೆಗೆ ಹೋಗಿದೆ ಎಂಬುದು. ಕೆಳಗಿನ ಭಾಗಗಳನ್ನು ಅದಕ್ಕೆ ತಕ್ಕಂತೆ, ಸುಲಭವಾದ ಪರೀಕ್ಷೆಯಿಂದ ಕಷ್ಟದ್ದರ ಕಡೆಗೆ ಜೋಡಿಸಿದ್ದೇನೆ.

ಒಂದು ವಿನಾಯಿತಿ ಮಾತ್ರ ಇದೆ. ಖಾತೆಯಿಂದ ಹಣ ಈಗಾಗಲೇ ಹೋಗಿದ್ದರೆ ಮುಂದಿನದನ್ನು ಓದುತ್ತ ಕೂರಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆ ಕೂಡಲೇ ಬ್ಯಾಂಕಿಗೂ ತಿಳಿಸಿ. ವಂಚಕರು ಹಣವನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗಬೇಗ ದಾಟಿಸುತ್ತ ಹೋಗುತ್ತಾರೆ. ಅದು ದಾರಿಯಲ್ಲಿರುವಾಗಲೇ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿರುತ್ತದೆ.

ಲಕ್ಷಣ: ಸಂದೇಶ ಬಂದಿದೆ, ಇನ್ನೂ ಏನನ್ನೂ ಒತ್ತಿಲ್ಲ

ಇಲ್ಲಿ ಯಾವ ಹಾನಿಯೂ ಆಗಿಲ್ಲ, ಪರೀಕ್ಷೆಗೆ ಖರ್ಚೂ ಇಲ್ಲ. ಕಳುಹಿಸಿದವರ ಹೆಸರಿನಿಂದ ಆರಂಭಿಸಿ. ಬ್ಯಾಂಕು, ಬೆಸ್ಕಾಂ ಅಥವಾ ಸರ್ಕಾರಿ ಇಲಾಖೆ ಕಳುಹಿಸುವ ಎಸ್ಸೆಮ್ಮೆಸ್ ನೋಂದಾಯಿತ ಅಕ್ಷರಗಳ ಹೆಸರಿನಲ್ಲಿ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಯಲ್ಲಿ ಒಂದು ಅಡ್ಡಗೆರೆಯೂ ಅದರ ನಂತರ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ: ಜಾಹೀರಾತಾದರೆ ಪಿ, ಸೇವೆಗೆ ಸಂಬಂಧಿಸಿದ್ದಾದರೆ ಎಸ್, ವಹಿವಾಟಿನದಾದರೆ ಟಿ, ಸರ್ಕಾರದ್ದಾದರೆ ಜಿ. ವಿದ್ಯುತ್ ಕಡಿತದ ಎಚ್ಚರಿಕೆ ಹತ್ತು ಅಂಕಿಗಳ ಸಾಧಾರಣ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬೆಸ್ಕಾಂನದಲ್ಲ ಎನ್ನಲು ಅಷ್ಟೇ ಸಾಕು. ಅಕ್ಷರಗಳ ಹೆಸರಿದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕೆಂದು ಇದರ ಅರ್ಥವಲ್ಲ. ವಾಟ್ಸ್‌ಆ್ಯಪ್‌ಗಂತೂ ಈ ಗುರುತು ಅನ್ವಯಿಸುವುದೇ ಇಲ್ಲ.

ಮುಂದಿನದು ಲಿಂಕಿನ ವಿಳಾಸ. ಮೊಬೈಲಿನಲ್ಲಿ ಲಿಂಕನ್ನು ತೆರೆಯದೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ, ಕಂಪ್ಯೂಟರಿನಲ್ಲಿ ಮೌಸ್ ಅದರ ಮೇಲೆ ತಂದು ನಿಲ್ಲಿಸಿದರೆ, ಪೂರ್ತಿ ವಿಳಾಸ ಕಾಣುತ್ತದೆ. ಇದನ್ನು ಓದುವ ರೀತಿ ತಿಳಿದಿದ್ದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ. ಅಂಚೆ ವಿಳಾಸದಲ್ಲಿ ಮನೆಯ ನಂಬರು ಮೊದಲು ಬಂದು ಊರಿನ ಹೆಸರು ಕೊನೆಗೆ ಬರುವಂತೆ, ಜಾಲತಾಣದ ವಿಳಾಸದಲ್ಲಿಯೂ ನಿಜವಾದ ಒಡೆಯನ ಹೆಸರು ಕೊನೆಯಲ್ಲಿ, ಅಂದರೆ ಮೊದಲ ಒಂಟಿ ಓರೆಗೆರೆಯ ಎಡಕ್ಕೆ ತಾಗಿಕೊಂಡು ಇರುತ್ತದೆ. ‘ನಿಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಟಾಪ್’ ಎಂಬ ವಿಳಾಸವನ್ನು ನೋಡಿ. ಎಡದಿಂದ ಓದುವ ಕಣ್ಣಿಗೆ ಬ್ಯಾಂಕಿನ ಹೆಸರೇ ಮೊದಲು ಬೀಳುತ್ತದೆ. ಬಲದಿಂದ ಓದಿದರೆ ಈ ತಾಣದ ಒಡೆಯ ‘ಕೆವೈಸಿಅಪ್‌ಡೇಟ್ ಡಾಟ್ ಟಾಪ್’ ಎಂದು ತಿಳಿಯುತ್ತದೆ. ಬ್ಯಾಂಕಿನ ಹೆಸರನ್ನು ಅದರ ಮುಂದೆ ಯಾರು ಬೇಕಾದರೂ ಅಂಟಿಸಬಹುದು.

ಬ್ಯಾಂಕುಗಳ ವಿಷಯದಲ್ಲಿ ಈಗ ಇನ್ನೊಂದು ಅನುಕೂಲವಿದೆ. ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸವನ್ನು ಬ್ಯಾಂಕುಗಳಿಗಷ್ಟೇ ಮೀಸಲಿಟ್ಟ ರಿಸರ್ವ್ ಬ್ಯಾಂಕ್, ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಸೂಚಿಸಿತ್ತು. ಲಾಗಿನ್ ಕೇಳುವ ಪುಟದ ವಿಳಾಸ ಹಾಗೆ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿ. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಇದೆಯೆಂದು ಸಮಾಧಾನಪಡುವಂತಿಲ್ಲ. ದಾರಿಯ ನಡುವೆ ಯಾರೂ ಓದಲಾರರು ಎಂಬುದನ್ನಷ್ಟೇ ಅದು ಹೇಳುತ್ತದೆ, ಆಚೆ ತುದಿಯಲ್ಲಿ ಕೂತವರು ಪ್ರಾಮಾಣಿಕರೆಂದು ಹೇಳುವುದಿಲ್ಲ.

ಇಷ್ಟಾದರೂ ಅನುಮಾನ ತೀರದಿದ್ದರೆ, ಸಂದೇಶದಲ್ಲಿರುವ ದಾರಿಯನ್ನು ಪೂರ್ತಿ ಬಿಟ್ಟು ನಿಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ವಿಚಾರಿಸಿ. ವಿದ್ಯುತ್ ಬಿಲ್ಲಿಗೆ ಬೆಸ್ಕಾಂ ಸಹಾಯವಾಣಿ 1912 ಇದೆ. ಹತ್ತಿರದ ಬೆಂಗಳೂರು ಒನ್ ಕೇಂದ್ರದಲ್ಲಿ ವಿದ್ಯುತ್ ಬಿಲ್, ನೀರಿನ ಬಿಲ್, ಟ್ರಾಫಿಕ್ ದಂಡ ಮೂರನ್ನೂ ಕಟ್ಟಬಹುದಾದ್ದರಿಂದ, ಬಾಕಿ ನಿಜವಾಗಿ ಇದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಮನೆಯ ಹಿರಿಯರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ವಿಳಾಸ ಓದುವ ವಿದ್ಯೆ ಎಲ್ಲರಿಗೂ ಒಗ್ಗುವುದಿಲ್ಲ, ‘ನಾಳೆ ಬೆಳಿಗ್ಗೆ ಹೋಗಿ ಕೇಳೋಣ’ ಎನ್ನುವುದು ಎಲ್ಲರಿಗೂ ಸಾಧ್ಯ.

ಲಕ್ಷಣ: ಲಿಂಕ್ ತೆರೆದುಕೊಂಡಿತು, ಏನನ್ನೂ ತುಂಬದೆ ಮುಚ್ಚಿದಿರಿ

ಬಹುಪಾಲು ಸಂದರ್ಭಗಳಲ್ಲಿ ಇಷ್ಟರಿಂದ ಹಣಕ್ಕೆ ಅಪಾಯವಿಲ್ಲ. ಆದರೂ ಎರಡು ಕೆಲಸ ಮಾಡಿ. ಡೌನ್‌ಲೋಡ್ ಫೋಲ್ಡರ್ ತೆರೆದು, ಆ ಹೊತ್ತಿನಲ್ಲಿ ಯಾವುದಾದರೂ ಹೊಸ ಫೈಲ್ ತಾನಾಗಿ ಇಳಿದಿದೆಯೇ ನೋಡಿ, ಇದ್ದರೆ ತೆರೆಯದೆ ಅಳಿಸಿ. ಬಳಿಕ ಬ್ರೌಸರ್ ಮತ್ತು ಫೋನಿನ ತಂತ್ರಾಂಶಕ್ಕೆ ಬಾಕಿಯಿರುವ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ, ಏಕೆಂದರೆ ಪುಟ ತೆರೆದ ಮಾತ್ರಕ್ಕೆ ಒಳನುಗ್ಗುವ ದಾಳಿಗಳು ಹೆಚ್ಚಾಗಿ ಹಳೆಯ ಆವೃತ್ತಿಯ ಲೋಪಗಳನ್ನೇ ನೆಚ್ಚಿಕೊಂಡಿರುತ್ತವೆ.

ಲಕ್ಷಣ: ‘ನಿಮ್ಮ ಸಾಧನಕ್ಕೆ ವೈರಸ್ ತಗುಲಿದೆ’ ಎಂಬ ಸೂಚನೆ ಪದೇ ಪದೇ ಬರುತ್ತಿದೆ

ನೋಡಲು ಭಯಾನಕವಾಗಿರುವ ಈ ಲಕ್ಷಣ ಸಾಮಾನ್ಯವಾಗಿ ಅತ್ಯಂತ ಹಗುರವಾದದ್ದು. ಯಾವುದೋ ಪುಟ ‘ಮುಂದುವರಿಯಲು ಅಲೋ ಒತ್ತಿ’ ಎಂದಾಗ ಒತ್ತಿರುತ್ತೀರಿ. ಅಂದಿನಿಂದ ಆ ತಾಣಕ್ಕೆ ನಿಮ್ಮ ಪರದೆಯ ಮೇಲೆ ನೋಟಿಫಿಕೇಶನ್ ತೋರಿಸುವ ಹಕ್ಕು ಸಿಕ್ಕಿರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋಗಿ, ಪರಿಚಯವಿಲ್ಲದ ತಾಣಗಳ ಅನುಮತಿಯನ್ನು ತೆಗೆದುಹಾಕಿದರೆ ಕಾಟ ನಿಲ್ಲಬೇಕು. ನಿಂತರೆ ಕಾಯಿಲೆ ಅಷ್ಟೇ ಎಂದು ತಿಳಿಯಿರಿ. ಬ್ರೌಸರ್ ಮುಚ್ಚಿರುವಾಗಲೂ ಜಾಹೀರಾತುಗಳು ಪೂರ್ತಿ ಪರದೆಯನ್ನು ಆವರಿಸುತ್ತಿದ್ದರೆ ಮಾತ್ರ ಯಾವುದೋ ಆ್ಯಪ್ ಒಳಗೆ ಕೂತಿದೆ ಎಂದರ್ಥ. ಆಗ ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್‌ನ ಫೈಲ್) ಕುರಿತ, ‘ಕೇಳದೆ ಒಟಿಪಿ ಬರುತ್ತಿದೆ’ ಎಂದು ಆರಂಭವಾಗುವ ಭಾಗಕ್ಕೆ ಹೋಗಿ.

ಸೂಚನೆಯಲ್ಲಿರುವ ದೂರವಾಣಿ ಸಂಖ್ಯೆಗೆ ಯಾವ ಕಾರಣಕ್ಕೂ ಕರೆ ಮಾಡಬೇಡಿ. ಆಚೆ ಬದಿಯವರು ‘ಸರಿಪಡಿಸಿಕೊಡುತ್ತೇವೆ’ ಎಂದು ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್‌ಗಳು ಸ್ವತಃ ಕೆಟ್ಟವಲ್ಲ, ಆದರೆ ಅವುಗಳ ಮೂಲಕ ನಿಮ್ಮ ಪರದೆ, ಅದರ ಮೇಲೆ ಬರುವ ಒಟಿಪಿ ಸಮೇತ, ಅಪರಿಚಿತರ ಕಣ್ಣೆದುರು ತೆರೆದುಕೊಳ್ಳುತ್ತದೆ.

ಲಕ್ಷಣ: ಪಾಸ್‌ವರ್ಡ್ ತುಂಬಿಬಿಟ್ಟಿದ್ದೀರಿ, ಅಥವಾ ನಿಮ್ಮ ಹೆಸರಿನಲ್ಲಿ ಬೇರೆಯವರಿಗೆ ಸಂದೇಶ ಹೋಗುತ್ತಿದೆ

‘ನೀವು ದುಡ್ಡು ಕೇಳಿ ಮೆಸೇಜ್ ಮಾಡಿದ್ರಾ?’ ಎಂದು ಸ್ನೇಹಿತರು ಫೋನ್ ಮಾಡಿ ಕೇಳಿದಾಗಲೇ ಹೆಚ್ಚಿನವರಿಗೆ ವಿಷಯ ಗೊತ್ತಾಗುವುದು. ವಾಟ್ಸ್‌ಆ್ಯಪ್ ಆಗಿದ್ದರೆ ಮೊದಲು ಲಿಂಕ್ಡ್ ಡಿವೈಸಸ್ ತೆರೆದು, ನಿಮ್ಮದಲ್ಲದ ಸಾಧನಗಳನ್ನೆಲ್ಲ ಲಾಗ್‌ಔಟ್ ಮಾಡಿ. ಟು ಸ್ಟೆಪ್ ವೆರಿಫಿಕೇಶನ್‌ನ ಆರು ಅಂಕಿಗಳ ಪಿನ್ ಹಾಕಿಕೊಳ್ಳಿ. ನಿಮ್ಮ ಖಾತೆಯೇ ಲಾಗ್‌ಔಟ್ ಆಗಿದ್ದರೆ ನಿಮ್ಮ ನಂಬರಿನಿಂದ ಮತ್ತೆ ನೋಂದಾಯಿಸಿಕೊಳ್ಳಿ, ಆಗ ಇನ್ನೊಬ್ಬರ ಫೋನಿನಲ್ಲಿ ಅದು ತಾನಾಗಿ ಕಡಿದುಹೋಗುತ್ತದೆ.

ಇಮೇಲ್ ಖಾತೆಯ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೀಲಿ ಅದರೊಳಗಿದೆ. ಪಾಸ್‌ವರ್ಡ್ ಬದಲಿಸುವುದನ್ನು ಅನುಮಾನವಿರುವ ಸಾಧನದಲ್ಲಿ ಮಾಡದೆ ಬೇರೊಂದು ಸಾಧನದಲ್ಲಿ ಮಾಡಿ. ಕೇವಲ ಪಾಸ್‌ವರ್ಡ್ ಬದಲಿಸಿದರೆ ಸಾಲದು, ಎಲ್ಲ ಸಾಧನಗಳಿಂದಲೂ ಸೈನ್‌ಔಟ್ ಮಾಡಬೇಕು. ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಗುರುತನ್ನೇ ಕದ್ದವರಿಗೆ ಪಾಸ್‌ವರ್ಡಿನ ಅಗತ್ಯವೇ ಬೀಳುವುದಿಲ್ಲ. ಜನ ನೋಡಲು ಮರೆಯುವ ಜಾಗವೊಂದಿದೆ: ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿರುವ ಫಾರ್ವರ್ಡಿಂಗ್ ಮತ್ತು ಫಿಲ್ಟರ್ಸ್. ಬ್ಯಾಂಕಿನಿಂದ ಬರುವ ಪ್ರತಿಯೊಂದು ಮೇಲ್ ತನಗೊಂದು ಪ್ರತಿಯಾಗಿ ಬರುವಂತೆ, ನಿಮ್ಮ ಇನ್‌ಬಾಕ್ಸ್‌ನಲ್ಲಿ ಕಾಣದೆ ನೇರವಾಗಿ ಕಸದ ಬುಟ್ಟಿಗೆ ಹೋಗುವಂತೆ ವಂಚಕ ಅಲ್ಲೊಂದು ನಿಯಮ ಬರೆದಿಟ್ಟಿದ್ದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ನಂಬರು ಮತ್ತು ಪರ್ಯಾಯ ಮೇಲ್ ನಿಮ್ಮವೇ ಆಗಿವೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ತುಂಬಿದ್ದು ಕಾರ್ಡಿನ ವಿವರವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ತಕ್ಷಣ ಬ್ಲಾಕ್ ಮಾಡಿ. ಯುಪಿಐ ಪಿನ್ ಆದರೆ ಅದನ್ನು ಬದಲಿಸಿ. ಹಣ ಪಡೆಯಲು ಪಿನ್ ಹಾಕಬೇಕಾದ ಸಂದರ್ಭ ಯುಪಿಐನಲ್ಲಿ ಇಲ್ಲವೇ ಇಲ್ಲ. ಪಿನ್ ಕೇಳಿದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಲಕ್ಷಣ: ಕೇಳದೆ ಒಟಿಪಿ ಬರುತ್ತಿದೆ, ಬಂದ ಎಸ್ಸೆಮ್ಮೆಸ್ ಮಾಯವಾಗುತ್ತಿದೆ, ಬ್ಯಾಟರಿ ಬೇಗ ಖಾಲಿಯಾಗುತ್ತಿದೆ

ಈ ಮೂರೂ ಒಟ್ಟಿಗೆ ಕಾಣಿಸಿದರೆ, ಅದರಲ್ಲೂ ಇತ್ತೀಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಮದುವೆ ಆಮಂತ್ರಣ’ ಅಥವಾ ‘ಆರ್‌ಟಿಒ ಚಲನ್’ ಎಂಬ ಹೆಸರಿನ ಫೈಲನ್ನು ತೆರೆದಿದ್ದರೆ, ಇದನ್ನು ಗಂಭೀರವೆಂದೇ ಪರಿಗಣಿಸಬೇಕು. ನಿಜವಾದ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ತುದಿಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಕರೆಯೋಲೆಯಲ್ಲ, ಆ್ಯಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆ್ಯಪ್.

ಅದು ಒಳಗೆ ಬರುವ ಬಗೆಯನ್ನು ಹತ್ತಿರದಿಂದ ನೋಡಿದರೆ ಎಲ್ಲೆಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಫೈಲನ್ನು ಒತ್ತಿದ ಕೂಡಲೇ, ಈ ಮೂಲದಿಂದ ಆ್ಯಪ್ ಹಾಕಲು ಅನುಮತಿ ಇಲ್ಲವೆಂದು ಫೋನ್ ತಡೆಯುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಟ್ಟರೆ ಮೊದಲ ಬಾಗಿಲು ತೆರೆಯಿತು. ಇನ್‌ಸ್ಟಾಲ್ ಆದ ಮೇಲೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ಕೆಲವು ಬಗೆಯವು ಎಸ್ಸೆಮ್ಮೆಸ್‌ನ ಮುಖ್ಯ ಆ್ಯಪ್ ತಾನೇ ಆಗಬೇಕೆನ್ನುತ್ತವೆ. ಇನ್ನು ಕೆಲವು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು ಇರುವ ಈ ಸೌಲಭ್ಯ ದುಷ್ಟ ಆ್ಯಪ್‌ನ ಕೈಗೆ ಸಿಕ್ಕರೆ, ಅದು ನಿಮ್ಮ ಪರದೆಯನ್ನು ಓದುವುದಲ್ಲದೆ ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಇಷ್ಟೆಲ್ಲ ಆದ ಮೇಲೆ ಅದರ ಐಕಾನ್ ಪರದೆಯಿಂದ ಮರೆಯಾಗುತ್ತದೆ, ಫೈಲ್ ತೆರೆಯಲೇ ಇಲ್ಲವೆಂದು ನೀವು ಭಾವಿಸುತ್ತೀರಿ. ಒಟಿಪಿಗಳು ಆಚೆ ಕೂತವರಿಗೆ ತಲುಪುತ್ತಿರುತ್ತವೆ.

ಮಾಡಬೇಕಾದದ್ದು ಹೀಗೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆರಿದೆಯೆಂದು ಖಚಿತಪಡಿಸಿಕೊಳ್ಳಿ. ಸಿಮ್ ತೆಗೆದು ಮನೆಯಲ್ಲಿರುವ ಯಾವುದಾದರೂ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ. ಇದರಿಂದ ಮುಂದಿನ ಒಟಿಪಿಗಳು ಸೋಂಕಿತ ಫೋನಿಗೆ ಹೋಗುವುದಿಲ್ಲ, ಬ್ಯಾಂಕಿನ ಕರೆಗಳೂ ನಿಮಗೆ ತಪ್ಪುವುದಿಲ್ಲ. ಆ ಕೀಪ್ಯಾಡ್ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ ನೆಟ್ ಬ್ಯಾಂಕಿಂಗ್ ಮತ್ತು ಯುಪಿಐ ತಡೆಹಿಡಿಸಿ. ಫೈಲ್ ಬಂದ ಸಂದೇಶ, ಅದರ ಹೆಸರು, ಕಳುಹಿಸಿದ ನಂಬರು, ಇವುಗಳ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ.

ಬಳಿಕ ಹುಡುಕಾಟ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಎಲ್ಲ ಆ್ಯಪ್‌ಗಳನ್ನೂ ತೆರೆದು, ಹೆಸರೇ ಇಲ್ಲದ, ಖಾಲಿ ಐಕಾನಿನ, ಅಥವಾ ನೀವು ಹಾಕದ ಆ್ಯಪ್ ಇದೆಯೇ ನೋಡಿ. ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡದಿದ್ದರೆ ಅದು ಡಿವೈಸ್ ಅಡ್ಮಿನ್ ಅಧಿಕಾರ ಪಡೆದುಕೊಂಡಿದೆ ಎಂದು ತಿಳಿದು, ಮೊದಲು ಆ ಅಧಿಕಾರವನ್ನೂ ಆ್ಯಕ್ಸೆಸಿಬಿಲಿಟಿಯನ್ನೂ ಕಿತ್ತುಹಾಕಿ ಮತ್ತೆ ಪ್ರಯತ್ನಿಸಿ. ಆಗಲೂ ಬಗ್ಗದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ. ಅಲ್ಲಿ ನೀವು ಹಾಕಿದ ಆ್ಯಪ್‌ಗಳು ಚಾಲನೆಯಲ್ಲಿರುವುದಿಲ್ಲವಾದ್ದರಿಂದ ತೆಗೆಯುವುದು ಸುಲಭ. ಕೊನೆಗೆ ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಿಂದ ಒಮ್ಮೆ ಸ್ಕ್ಯಾನ್ ಮಾಡಿ, ಕರೆಗಳ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಯಾವುದಾದರೂ ಅಪರಿಚಿತ ನಂಬರಿಗೆ ಇದೆಯೇ ನೋಡಿ, ವಾಟ್ಸ್‌ಆ್ಯಪ್‌ಗೆ ಕೊಟ್ಟಿದ್ದ ಇನ್‌ಸ್ಟಾಲ್ ಅನುಮತಿಯನ್ನು ಹಿಂಪಡೆಯಿರಿ.

ಆ್ಯಪ್ ಸಿಗಲೇ ಇಲ್ಲ, ಲಕ್ಷಣಗಳೂ ಹೋಗಲಿಲ್ಲ ಎಂದಾದರೆ ಫ್ಯಾಕ್ಟರಿ ರೀಸೆಟ್ ಒಂದೇ ಉಳಿದ ದಾರಿ. ಹಣ ಹೋಗಿದ್ದರೆ ರೀಸೆಟ್ ಮಾಡುವ ಮೊದಲು ಪೊಲೀಸರನ್ನು ಕೇಳಿ. ಫೋಟೊ ಮತ್ತು ಸಂಪರ್ಕಗಳನ್ನು ಮಾತ್ರ ಉಳಿಸಿಕೊಂಡು, ಆ್ಯಪ್‌ಗಳನ್ನು ಹಳೆಯ ಬ್ಯಾಕಪ್‌ನಿಂದ ತಾರದೆ ಪ್ಲೇ ಸ್ಟೋರ್‌ನಿಂದಲೇ ಹೊಸದಾಗಿ ಹಾಕಿ. ಐಫೋನ್‌ನಲ್ಲಿ ಎಪಿಕೆ ಫೈಲ್ ಇನ್‌ಸ್ಟಾಲ್ ಆಗುವುದಿಲ್ಲ, ಆದರೆ ನಕಲಿ ಲಾಗಿನ್ ಪುಟದ ಅಪಾಯ ಅದಕ್ಕೂ ಅಷ್ಟೇ ಇದೆ.

ಲಕ್ಷಣ: ಕಚೇರಿಯ ಮೇಲ್‌ಗೆ ‘ಇನ್‌ವಾಯ್ಸ್’ ಬಂದಿದೆ, ಅಟ್ಯಾಚ್‌ಮೆಂಟ್ ವಿಚಿತ್ರವಾಗಿದೆ

ಪೀಣ್ಯದ ಸಣ್ಣ ಕಾರ್ಖಾನೆಯಾಗಲಿ, ಚಿಕ್ಕಪೇಟೆಯ ಸಗಟು ಅಂಗಡಿಯಾಗಲಿ, ಲೆಕ್ಕ ನೋಡುವವರ ಮೇಲ್‌ಗೆ ದಿನವೂ ಇನ್‌ವಾಯ್ಸ್‌ಗಳು ಬರುತ್ತವೆ. ನಕಲಿಗಳು ಅವುಗಳ ನಡುವೆ ಸಲೀಸಾಗಿ ಸೇರಿಕೊಳ್ಳುತ್ತವೆ. ವಿಂಡೋಸ್ ಫೈಲಿನ ಹೆಸರಿನ ಕೊನೆಯ ಭಾಗವನ್ನು ಮರೆಮಾಡಿ ತೋರಿಸುವುದರಿಂದ, ‘ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಫೈಲ್ ಬರೀ ಪಿಡಿಎಫ್‌ನಂತೆ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದನ್ನು ಆನ್ ಮಾಡಿಟ್ಟರೆ ಈ ಮೋಸ ಶಾಶ್ವತವಾಗಿ ಬಯಲಾಗುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂದು, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬರೆದಿದ್ದರೆ, ಒಳಗಿರುವುದನ್ನು ಮೇಲ್ ಸೇವೆಯ ವೈರಸ್ ತಪಾಸಣೆಯಿಂದ ಮುಚ್ಚಿಡಲೆಂದೇ ಹಾಗೆ ಮಾಡಿರಬಹುದು. ಎಚ್‌ಟಿಎಮ್‌ಎಲ್ ಅಟ್ಯಾಚ್‌ಮೆಂಟ್ ತೆರೆದಾಗ ಮೇಲ್‌ನ ಲಾಗಿನ್ ಪುಟ ಕಂಡರೆ ಅದು ಪಾಸ್‌ವರ್ಡ್ ಕದಿಯುವ ನಕಲಿ ಪುಟ. ವರ್ಡ್ ಅಥವಾ ಎಕ್ಸೆಲ್ ಫೈಲ್ ‘ಎನೇಬಲ್ ಕಂಟೆಂಟ್ ಒತ್ತಿದರೆ ಮಾತ್ರ ಕಾಣುತ್ತದೆ’ ಎಂದು ಹೇಳಿಕೊಂಡರೆ ಅದನ್ನು ಮುಚ್ಚಿಬಿಡಿ.

ಹಳೆಯ ವ್ಯಾಪಾರಿಯೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ’ ಎಂದು ಬರೆದಿದ್ದರೆ ಯಾವ ಅಟ್ಯಾಚ್‌ಮೆಂಟ್ ಇಲ್ಲದೆಯೂ ಅದು ದೊಡ್ಡ ಅಪಾಯ. ಕಳುಹಿಸಿದವರ ಹೆಸರನ್ನು ಬಿಟ್ಟು ಪೂರ್ತಿ ವಿಳಾಸ ನೋಡಿ. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣ ಅಕ್ಷರಗಳನ್ನು ಒತ್ತಾಗಿ ಬರೆದರೆ ಎಂ ಎಂದೇ ಕಾಣುತ್ತದೆ. ಜಿಮೇಲ್‌ನಲ್ಲಿ ಶೋ ಒರಿಜಿನಲ್ ಒತ್ತಿದರೆ ಕಳುಹಿಸಿದ ವಿಳಾಸ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಪಾಸಣೆಗಳ ಫಲಿತಾಂಶ ಕಾಣುತ್ತದೆ. ಡಿಮಾರ್ಕ್ ಫೇಲ್ ಎಂದಿದ್ದರೆ ವಿಳಾಸವೇ ನಕಲಿಯಾಗಿರುವ ಸಂಭವ ಬಹಳ ಹೆಚ್ಚು. ಪಾಸ್ ಎಂದಿದ್ದರೆ ಆ ಡೊಮೇನ್‌ನಿಂದ, ಅಂದರೆ ವಿಳಾಸದಲ್ಲಿ @ ಗುರುತಿನ ನಂತರ ಇರುವ ಹೆಸರಿನಿಂದ, ಬಂದಿದೆ ಎಂದಷ್ಟೇ ಅರ್ಥ. ಆ ವ್ಯಾಪಾರಿಯ ಖಾತೆಯನ್ನೇ ಯಾರಾದರೂ ವಶಪಡಿಸಿಕೊಂಡಿದ್ದರೂ ಪಾಸ್ ಎಂದೇ ತೋರಿಸುತ್ತದೆ. ಹೀಗಾಗಿ ಹಣ ಹಾಕುವ ಮೊದಲು, ಮೇಲ್‌ನಲ್ಲಿರುವ ನಂಬರಿಗಲ್ಲದೆ ನಿಮ್ಮಲ್ಲಿ ಮೊದಲಿನಿಂದಲೂ ಇರುವ ನಂಬರಿಗೆ ಕರೆ ಮಾಡಿ ಆ ವ್ಯಾಪಾರಿಯ ಬಾಯಿಂದಲೇ ಕೇಳಿಕೊಳ್ಳಬೇಕು.

ಅನುಮಾನದ ಫೈಲನ್ನು ವೈರಸ್‌ಟೋಟಲ್ ತಾಣದಲ್ಲಿ ಪರೀಕ್ಷಿಸಬಹುದು. ಆದರೆ ಅಲ್ಲಿ ಹಾಕಿದ ಫೈಲ್ ಬೇರೆಯವರಿಗೂ ಸಿಗುವುದರಿಂದ ಗ್ರಾಹಕರ ವಿವರಗಳಿರುವ ಕಡತಗಳನ್ನು ಹಾಕಬೇಡಿ.

ಫೈಲನ್ನು ಈಗಾಗಲೇ ತೆರೆದಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆದು, ವೈಫೈ ಆರಿಸಿ, ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಫೈಲ್‌ಗಳ ಹೆಸರುಗಳು ಬದಲಾಗುತ್ತಿದ್ದರೆ, ಹಣ ಕೇಳುವ ಪತ್ರವೊಂದು ಫೋಲ್ಡರ್‌ಗಳಲ್ಲಿ ಕಾಣಿಸಿಕೊಂಡರೆ ನಿಮ್ಮ ಪ್ರಯತ್ನ ಅಲ್ಲಿಗೇ ನಿಲ್ಲಲಿ. ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರಿಗೆ ಜೋಡಿಸಬೇಡಿ, ಅದೂ ಹಾಳಾಗುತ್ತದೆ. ಇದು ತಿಳಿದವರನ್ನು ಕರೆಸಬೇಕಾದ ಕೆಲಸ.

ದೂರು ಕೊಡುವಾಗ

1930ಕ್ಕೆ ಕರೆ ಮಾಡಿದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣವಾದ ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ನಲ್ಲಿ ವಿವರ ದಾಖಲಿಸಿ. ಖಾತೆಯ ವಿವರ, ಮೊತ್ತ, ಸಮಯ, ಯುಪಿಐ ವಹಿವಾಟಾದರೆ 12 ಅಂಕಿಗಳ ಉಲ್ಲೇಖ ಸಂಖ್ಯೆ, ಸಂದೇಶದ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಬೆಂಗಳೂರಿನ ಪೊಲೀಸ್ ವಿಭಾಗಗಳಲ್ಲಿ ಸೈಬರ್ ಅಪರಾಧಕ್ಕೆಂದು ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ವಿಧಿಯಂತೆ, ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಯಾವ ಠಾಣೆಯವರೂ ಇಂಥ ದೂರನ್ನು ನಿರಾಕರಿಸುವಂತಿಲ್ಲ. ಹಣ ಹೋಗಿಲ್ಲ, ಪ್ರಯತ್ನವಷ್ಟೇ ನಡೆದಿದೆ ಎಂದಾದರೆ ದೂರಸಂಪರ್ಕ ಇಲಾಖೆಯ ತಾಣವಾದ ಸಂಚಾರ್ ಸಾಥಿಯ ಚಕ್ಷು ಸೌಲಭ್ಯದಲ್ಲಿ ಆ ನಂಬರನ್ನು ವರದಿ ಮಾಡಿ.

ಬ್ಯಾಂಕಿಗೆ ತಿಳಿಸುವುದನ್ನು ಒಂದು ಗಂಟೆಯೂ ಮುಂದೂಡದಿರಲು ಕಾರಣವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದ್ದಾಗಲಿ ಬ್ಯಾಂಕಿನದ್ದಾಗಲಿ ಅಲ್ಲದ ಲೋಪದಿಂದ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಯಾವ ಹೊಣೆಯೂ ಇಲ್ಲ. ಒಟಿಪಿ ಅಥವಾ ಪಾಸ್‌ವರ್ಡ್ ಕೊಟ್ಟದ್ದು ಗ್ರಾಹಕರ ಅಜಾಗರೂಕತೆ ಎಂದಾದರೂ, ತಿಳಿಸಿದ ಕ್ಷಣದ ನಂತರ ಆಗುವ ನಷ್ಟ ಬ್ಯಾಂಕಿನದು. ಬ್ಯಾಂಕ್ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದರ ಮಾಹಿತಿ 14448ರಲ್ಲಿ ಸಿಗುತ್ತದೆ.

ಲಕ್ಷಣ: ದೂರು ಕೊಟ್ಟ ಮೇಲೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ’ ಎಂಬ ಕರೆ ಬಂದಿದೆ

ಇದು ಎರಡನೆಯ ವಂಚನೆ. ಒಮ್ಮೆ ಮೋಸಹೋದವರ ನಂಬರುಗಳು ಕೈಯಿಂದ ಕೈಗೆ ಹೋಗುತ್ತವೆ. ಕರೆ ಮಾಡಿದವರು ಸೈಬರ್ ಪೊಲೀಸರೆಂದೋ ವಕೀಲರೆಂದೋ ಹೇಳಿಕೊಂಡು, ತಡೆಹಿಡಿದ ಹಣ ಬಿಡಿಸಲು ‘ಪ್ರೊಸೆಸಿಂಗ್ ಶುಲ್ಕ’ ಕೇಳುತ್ತಾರೆ, ಇಲ್ಲವೇ ರೀಫಂಡ್ ಫಾರ್ಮ್ ಎಂದು ಮತ್ತೊಂದು ಲಿಂಕ್ ಕಳುಹಿಸುತ್ತಾರೆ. ಪೊಲೀಸರಾಗಲಿ, ಬ್ಯಾಂಕಾಗಲಿ, 1930ರವರಾಗಲಿ ಹಣ ಮರಳಿಸಲು ಶುಲ್ಕ ಪಡೆಯುವುದಿಲ್ಲ. ಕರೆ ಕತ್ತರಿಸಿ, ಆ ನಂಬರನ್ನು ಬರೆದುಕೊಂಡು, ದೂರು ಕೊಟ್ಟಾಗ ಸಿಕ್ಕ ಸ್ವೀಕೃತಿ ಸಂಖ್ಯೆಯೊಡನೆ ನಿಮ್ಮ ಪ್ರಕರಣ ನೋಡುತ್ತಿರುವ ಠಾಣೆಗೆ ಅದನ್ನು ತಲುಪಿಸಿ.